ತಗ್ಗಿನ ಕಾರು, ಎತ್ತರದ ಕಾರು

ಕಂಪ್ಲಿಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುವ ಕೆಲಸ ನನ್ನದು. ಮನೆ ಹೊಸಪೇಟೆಯಲ್ಲಿ. ಮದುವೆ ಆಗಿತ್ತು, ಉಳಿಯಲಿಲ್ಲ. ಅದಾದ ಮೇಲೆ ಒಬ್ಬಳೇ ಇದ್ದೇನೆ. ದಿನಾ ಕಾರಿನಲ್ಲಿ ಹೋಗಿ ಬರುತ್ತೇನೆ. ಆಗೆಲ್ಲ ದಿನದಲ್ಲಿ ನಾನು ಬಾಯಿ ತುಂಬ ಮಾತಾಡುತ್ತಿದ್ದದ್ದು ಕಮಲಾಪುರದಿಂದ ಕಂಪ್ಲಿಯವರೆಗೆ ಮಾತ್ರ. ನಮ್ಮ ಆಸ್ಪತ್ರೆಯ ಹಿರಿಯ ನರ್ಸ್ ಬೆಳಿಗ್ಗೆ ಕಮಲಾಪುರದ ಸ್ಟಾಪಿನಲ್ಲಿ ನನಗಾಗಿ ಕಾದಿರುತ್ತಿದ್ದರು. ಸಂಜೆ ಅವರ ಡ್ಯೂಟಿ ಮುಗಿಯುವ ಹೊತ್ತು ಬೇರೆ, ಬಸ್ಸಿಗೆ ಹೋಗುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ಸಿಸ್ಟರ್ ಅನ್ನುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರು. ಆಸ್ಪತ್ರೆಯೊಳಗೆ ನಾನು ಅವರಿಗೆ ಮೇಡಂ, ಕಾರಿನೊಳಗೆ ತಂಗಿ.

ಆಗಿನ ಕಾರು ಉದ್ದನೆಯ, ತಗ್ಗಾದ ಎಲೆಕ್ಟ್ರಿಕ್ ಸೆಡಾನ್. ಕೂತರೆ ರಸ್ತೆ ಕೈಗೆಟುಕುವಂತಿರುತ್ತಿತ್ತು. ಬುಕ್ಕಸಾಗರದ ಬಳಿ ಎಮ್ಮೆ ಅಡ್ಡ ಬಂದರೆ ಅದರ ಹೊಟ್ಟೆಯಷ್ಟೇ ಕಾಣುತ್ತಿತ್ತು. ಕಾರಿಗೆ ಸದ್ದೇ ಇಲ್ಲದ್ದರಿಂದ ರಸ್ತೆಯಲ್ಲಿ ಮಲಗಿದ ನಾಯಿಗಳು ಏಳುತ್ತಿರಲಿಲ್ಲ. ಸಿಸ್ಟರ್ ಗಾಜು ಇಳಿಸಿ, “ಏಳ್ರಪ್ಪಾ, ನಮಗ ಡ್ಯೂಟಿಗೆ ಹೊತ್ತಾತು” ಎಂದು ಅವುಗಳಿಗೆ ಹೇಳುತ್ತಿದ್ದರು.

ಒಂದು ಶನಿವಾರ ಅವರು ತಮ್ಮ ಹಳೆಯ ಕಥೆ ತೆಗೆದರು. ನೌಕರಿಗೆ ಸೇರಿದ ಹೊಸತರಲ್ಲಿ ಹೊಳೆ ಬಂದು ಕಂಪ್ಲಿ ಸೇತುವೆ ಮುಳುಗಿದ್ದಾಗ, ಈಚೆ ದಡದಲ್ಲಿ ನಿಂತುಹೋದ ಬಸ್ಸಿನೊಳಗೇ ಹೆರಿಗೆ ಮಾಡಿಸಿದ್ದು. “ಇದು ಮೂರನೇ ಸಲ ಸಿಸ್ಟರ್” ಅಂದುಬಿಟ್ಟೆ. ಅವರು ನಕ್ಕರು, ಕಿಟಕಿಯ ಕಡೆ ಮುಖ ತಿರುಗಿಸಿದರು.

ಸೋಮವಾರ ಬೆಳಿಗ್ಗೆ ಫೋನ್ ಬಂತು. “ನೀವು ಹೋಗ್ರಿ ತಂಗಿ. ನಾ ಬಸ್ಸಿಗೆ ಬರ್ತೀನಿ.”

ಮಂಗಳವಾರವೂ ಅದೇ ಮಾತು. ಬುಧವಾರ ಫೋನೂ ಇಲ್ಲ. ಸ್ಟಾಪಿನಲ್ಲಿ ಅವರು ಬಸ್ಸು ಬರುವ ಕಡೆ ನೋಡುತ್ತ ನಿಂತಿದ್ದರು. ನಾನು ನಿಲ್ಲಿಸಲಿಲ್ಲ. ಆ ಒಂದು ಮಾತಿಗೆ ಇಷ್ಟು ಸಿಟ್ಟೇ ಎಂದು ನನಗೂ ಬಿಗುಮಾನ ಬಂತು. ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ಆಸ್ಪತ್ರೆಯಲ್ಲಿ ಎದುರಾದರೆ ಇಂಜೆಕ್ಷನ್, ಗ್ಲೂಕೋಸ್ ಬಾಟಲಿ, ಇಷ್ಟರ ಮಾತೇ. ಹೀಗೇ ಎಂಟು ತಿಂಗಳು ಕಳೆದವು. ಇಂಜಿನ್ನಿನ ಗುರ್ ಎನ್ನುವ ಸದ್ದಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಎರಡೂ ಕಡೆ ಗದ್ದೆ, ಒಳಗೆ ನನ್ನ ಉಸಿರು. ಹಾಡು ಹಾಕಿದರೆ ಇನ್ನೂ ಕೆಟ್ಟದೆನಿಸಿ ಆರಿಸುತ್ತಿದ್ದೆ.

ಆ ಮಳೆಗಾಲದಲ್ಲಿ ರಸ್ತೆ ಹಾಳಾಯಿತು. ಪ್ರತಿ ಹಂಪ್ಸಿಗೂ ಕಾರಿನ ಹೊಟ್ಟೆ ಕರ್ ಎಂದು ಉಜ್ಜುತ್ತಿತ್ತು. ಬಳ್ಳಾರಿಯ ಶೋರೂಮಿನವರು ಕಾರನ್ನು ಮೇಲೆತ್ತಿ ಟಾರ್ಚ್ ಹಾಕಿ ತೋರಿಸಿದರು. ಬ್ಯಾಟರಿಯ ಕೆಳಗಿನ ತಗಡು ಉದ್ದಕ್ಕೂ ಗೀರಿ, ಒಂದು ಕಡೆ ಒಳಗೆ ತಗ್ಗಿತ್ತು. “ನಿಮ್ಮ ರೋಡಿಗೆ ಎತ್ತರದ ಗಾಡೀನ ಬೇಕ್ರಿ ಮೇಡಂ” ಅಂದರು. ಹಾಗೆ ಈ ಕಾರು ಬಂತು. ಇದೂ ಎಲೆಕ್ಟ್ರಿಕ್ಕೇ. ಕ್ರಾಸ್‌ಓವರ್ ಅನ್ನುತ್ತಾರೆ, ಪೂರ್ತಿ ಜೀಪಲ್ಲ, ಪೂರ್ತಿ ಕಾರಲ್ಲ. ಕೂತರೆ ಎಮ್ಮೆಯ ಬೆನ್ನು, ಬೆನ್ನಿನ ಮೇಲಿನ ಕೊಕ್ಕರೆ, ಅದರಾಚೆ ಕಾಲುವೆಯ ನೀರು ಎಲ್ಲ ಕಾಣುತ್ತಿತ್ತು. “ನೋಡು, ನೀರು ಬಿಟ್ಟಾರ” ಎಂದು ಹೇಳಲು ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಪೂಜೆ ಮಾಡಿಸಿದ ದಿನ ಅರ್ಚಕರು, “ಮನ್ಯಾಗಿನವ್ರು ಬರ್ಲಿ, ಆರತಿ ತಗೊಳ್ಳಿ” ಅಂದಾಗ, ನಾನೇ ಎರಡು ಸಲ ಕೈ ಚಾಚಿದೆ.

ಹೊಸ ಕಾರಿನ ಎರಡನೇ ವಾರ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತು, ಬಸ್ಸಿನ ಪಕ್ಕದಲ್ಲೇ ನಾನು ಸಿಕ್ಕಿಕೊಂಡೆ. ತಲೆ ಎತ್ತಿದರೆ ಬಸ್ಸಿನ ಕಿಟಕಿಗಳು. ಒಳಗೆ ಸಿಸ್ಟರ್ ಕಂಬಿ ಹಿಡಿದು ನಿಂತಿದ್ದರು. ಅವರ ಪಕ್ಕದ ಸೀಟು ಖಾಲಿ ಇತ್ತು. ಆದರೂ ನಿಂತಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ. ಬಸ್ಸಿನ ಹಿಂದೆಯೇ ಹೋದೆ. ಆಸ್ಪತ್ರೆಯ ಮುಂದೆ ಅವರು ಇಳಿಯುವುದನ್ನು ನೋಡಿದೆ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಡ್ಡಡ್ಡ ತಿರುಗಿ, ಒಂದು ಕಾಲು ಮೊದಲು ಇಟ್ಟು, ಇನ್ನೊಂದನ್ನು ಭಾರದ ಚೀಲದಂತೆ ಎಳೆದುಕೊಂಡರು.

ಮರುದಿನ ಕಮಲಾಪುರದಲ್ಲಿ ನಿಲ್ಲಿಸಿ, ಇಳಿದು ಹೋಗಿ ಎಡಗಡೆಯ ಬಾಗಿಲು ತೆರೆದು ನಿಂತೆ.

“ಬರ್ರಿ ಸಿಸ್ಟರ್.”

ಅವರು ಸೀಟನ್ನು ನೋಡಿದರು, ನನ್ನನ್ನಲ್ಲ. ಹಿಂದಕ್ಕೆ ತಿರುಗಿ, ಕಟ್ಟೆಯ ಮೇಲೆ ಕೂರುವಂತೆ ಸಲೀಸಾಗಿ ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಂಡರು. ಸ್ವಲ್ಪ ದೂರ ಹೋದ ಮೇಲೆ, “ಆ ಕಾರಿನಾಗಿಂದ ಏಳೂದಂದ್ರ ಬಾವ್ಯಾಗಿಂದ ಎದ್ದಂಗ ಆಗ್ತಿತ್ತು ನೋಡ್ರಿ” ಅಂದರು.

ಆ ಶನಿವಾರ ಆಸ್ಪತ್ರೆಯ ಮುಂದೆ ಅವರು ಏಳಲು ಎರಡು ಸಲ ನೋಡಿದರಂತೆ. ಮೂರನೇ ಸಲಕ್ಕೆ ಮೊಣಕಾಲೂರಿ ನೆಲಕ್ಕೆ ಬಿದ್ದರಂತೆ. ರೋಗಿಗಳೇ ಹಿಡಿದೆತ್ತಿದರಂತೆ. ನಾನು ಔಷಧಿಯ ಕಿಟಕಿ ತೆರೆಯುವ ಅವಸರದಲ್ಲಿ ಮುಂದೆ ಹೋಗಿದ್ದೆ.

“ಹೇಳಬೇಕಿಲ್ಲೇನ್ರಿ ಸಿಸ್ಟರ್?”

“ಏನಂತ ಹೇಳ್ಲಿ? ನಿಮ್ಮ ಕಾರು ನನಗ ಆಗಿಬರಂಗಿಲ್ಲ ಅಂತನಾ? ನೀವೂ ಯಾಕಂತ ಕೇಳ್ಲಿಲ್ಲ. ಒಬ್ಬಾಕೀನ ಹೋಗೂದು ಇಕಿಗೂ ಆರಾಮ ಇರಬೇಕು ಅನ್ಕೊಂಡೆ.”

ಆ ಕಥೆಯ ವಿಷಯ ಹೇಳಿ ತಪ್ಪಾಯಿತು ಅಂದೆ. ಅವರಿಗೆ ಅದು ನೆನಪೇ ಇರಲಿಲ್ಲ. “ಅಯ್ಯ, ಆ ಕಥಿ ನಾ ಯಾರಿಗೆ ಹೇಳಿಲ್ಲ ಹೇಳ್ರಿ!” ಎಂದು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಎಂಟು ತಿಂಗಳು ನಾನು ಇಲ್ಲದ ಜಗಳವೊಂದನ್ನು ಒಬ್ಬಳೇ ಆಡಿದ್ದೆ.

ಬುಕ್ಕಸಾಗರ ದಾಟುವಾಗ ಇನ್ನೊಂದು ಮಾತು ಹೇಳಿದರು. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಆಮೇಲೆ ಸಂಡೂರಿನ ಹತ್ತಿರ ಯಶವಂತನಗರದಲ್ಲಿರುವ ತಮ್ಮ ತಂಗಿಯ ಮನೆಯಲ್ಲೇ ವಾಸ. ನಮಗೆ ಉಳಿದಿದ್ದದ್ದು ಹತ್ತೊಂಬತ್ತು ದಿನ, ಅದರಲ್ಲಿ ಮೂರು ಭಾನುವಾರ. ಸೇತುವೆಯ ಕಥೆಯನ್ನು ನಾನೇ ಕೇಳಿ ಹೇಳಿಸಿಕೊಂಡೆ. ಮೊದಲು ಹೆಣ್ಣಾಗಿದ್ದ ಕೂಸು ಈ ಸಲ ಗಂಡಾಗಿತ್ತು. ನಾನು ತಿದ್ದಲಿಲ್ಲ.

ಅವರ ಸಾಮಾನನ್ನು ನಾನೇ ಯಶವಂತನಗರಕ್ಕೆ ಸಾಗಿಸಿದೆ. ಎರಡು ಟ್ರಂಕು, ಒಂದು ಹಾಸಿಗೆ, ಕುಂಡದಲ್ಲಿ ಕರಿಬೇವಿನ ಗಿಡ. ಅದಿರಿನ ಲಾರಿಗಳ ಹಿಂದೆ ನಿಧಾನ ಹೋದೆವು. ಗಾಜಿನ ಮೇಲೆ ಕೆಂಪು ಧೂಳು ಕೂತಿತು. ಮನೆ ತುಂಬ ಜನ. ತಂಗಿ, ತಂಗಿಯ ಸೊಸೆ, ಅಕ್ಕಪಕ್ಕದ ಹೆಂಗಸರು. ಸಿಸ್ಟರ್ ಒಳಗೆ ಹೋಗುತ್ತಲೇ ಯಾರದೋ ಕೂಸು ಅವರ ತೊಡೆಯೇರಿತು. ಚಹಾ ಕುಡಿದು ಎದ್ದೆ. “ಕುಂದ್ರಿ, ಊಟ ಮಾಡ್ಕೊಂಡು ಹೋಗೀರಂತ” ಅಂದರು. ಕೂರಬಹುದಿತ್ತು. ಕೆಲಸವಿದೆ ಎಂದು ಸುಳ್ಳು ಹೇಳಿ ಬಂದೆ.

ಹೋದ ಬೇಸಿಗೆಯಲ್ಲಿ ಅವರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡರು. ನೋಡಲು ಹೋಗಿದ್ದೆ. ಗೇಟಿನವರೆಗೆ ನಡೆದು ತೋರಿಸಿದರು. “ಒಂದು ರೌಂಡು ಹೋಗಿ ಬರೋಣೇನ್ರಿ?” ಅಂದೆ. “ಇವತ್ತ ಬ್ಯಾಡ ತಂಗಿ, ಮನ್ಯಾಗ ಮಂದಿ ಬಂದಾರ” ಅಂದರು. ಈ ಸಲ ಊಟಕ್ಕೆ ಕೂತೆ. ಎರಡು ತಿಂಗಳಿಗೊಮ್ಮೆ ಅವರು ಫೋನ್ ಮಾಡುತ್ತಾರೆ. ನಾನು ಮಾಡುವುದು ಅದಕ್ಕಿಂತ ಹೆಚ್ಚು.