ಇಪ್ಪತ್ತಮೂರನೆಯ ದಿನ ಹಾಸಿದ ಚಾಪೆ

ಆ ಫೋನು ಬಂದಾಗ ನಾನು ಮಾಣಿಯ ನಮ್ಮ ಮನೆಯ ಹಿಂಬದಿಯಲ್ಲಿ, ಬಾವಿಕಟ್ಟೆಯಿಂದ ನಾಲ್ಕು ಹೆಜ್ಜೆ ಈಚೆ ನಿಂತಿದ್ದೆ. ಗುರುವಾರ, ಬೆಳಿಗ್ಗೆ ಹತ್ತೂವರೆ ದಾಟಿತ್ತು. ಈಗ ಆರು ವರ್ಷವಾಯಿತು. ಫೋನಿನಲ್ಲಿ ನನಗೆ ಹೇಳಿದ್ದು ಒಂದು. ನಾನು ಒಳಗೆ ಹೋಗಿ ಭಾವನಿಗೆ ಹೇಳಿದ್ದು ಅದರ ಪೂರ್ತಿ ಉಲ್ಟಾ. ಆ ಸುಳ್ಳಿನಿಂದ ಅವರ ಹೊಸ ಸೊಂಟದ ಕೀಲು ತಪ್ಪಿತು. ಅದೊಂದು ಆಕಸ್ಮಿಕ ಎಂದು ಎರಡೂ ಮನೆಯವರು ನಂಬಿದ್ದಾರೆ. ಆಕಸ್ಮಿಕ ಅಲ್ಲ.

ಭಾವ ಎಂದರೆ ನನ್ನ ಹೆಂಡತಿ ಸುಮತಿಯ ಅಣ್ಣ, ಸಂಜೀವ. ಮುಂಬೈಯಲ್ಲಿ ಹೋಟೆಲು ನಡೆಸಿ, ವಯಸ್ಸಾದ ಮೇಲೆ ಮೂಡುಬಿದಿರೆಗೆ ಬಂದು ನೆಲೆಸಿದವರು. ಅವರ ಹೆಂಡತಿ ತೀರಿಕೊಂಡಿದ್ದರು. ಬಲಗಡೆಯ ಸೊಂಟದ ಕೀಲು ಸವೆದು ನಡೆಯಲಾಗದೆ, ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಹೊಸ ಕೀಲು ಹಾಕಿಸಿಕೊಂಡರು. ಅವರ ಮನೆಯಲ್ಲಿ ಮಲಗುವ ಕೋಣೆ ಮಹಡಿಯ ಮೇಲೆ. ನಮ್ಮಲ್ಲಿ ಎಲ್ಲವೂ ನೆಲಮಟ್ಟದಲ್ಲಿ. ಹಾಗಾಗಿ ಆರನೆಯ ದಿನ ನೇರ ನಮ್ಮಲ್ಲಿಗೇ ಬಂದರು. ಎರಡು ತಿಂಗಳು ಇರುವುದೆಂದು ಸುಮತಿ ತೀರ್ಮಾನಿಸಿದಳು. ನನ್ನನ್ನು ಕೇಳಿದ್ದಳು, ನಾನು ಆಗಬಹುದು ಎಂದಿದ್ದೆ.

ನೋಡಿಕೊಳ್ಳುವುದರಲ್ಲಿ ನಾನು ತಪ್ಪಲಿಲ್ಲ. ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ — ನನಗೆ ಎಲ್ಲವೂ ಗೊತ್ತಿತ್ತು ಎಂಬುದಕ್ಕಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆಯಿಂದ ಬಿಡುವ ದಿನ ವ್ಯಾಯಾಮ ಹೇಳಿಕೊಡುವ ಹುಡುಗಿ ನನ್ನನ್ನು ಎದುರು ನಿಲ್ಲಿಸಿ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ದಳು: ಸೊಂಟ ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಗಡೆ ತಿರುಗಬಾರದು. ನೆಲದ ಮೇಲೆ ಕೂರುವ ಮಾತೇ ಇಲ್ಲ. ಮೊದಲ ವಾರಗಳಲ್ಲಿ ಕೀಲು ಬಿಟ್ಟುಕೊಳ್ಳುವುದು ಸುಲಭ. ನಾನು ಅದನ್ನು ಬರೆದು ಗೋಡೆಗೆ ಅಂಟಿಸಿದೆ. ಮಂಚದ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿದೆ. ಕಮೋಡಿನ ಮೇಲೆ ಎತ್ತರದ ಸೀಟು ಕೂರಿಸಿದೆ. ಮಲಗುವಾಗ ಎರಡು ಕಾಲುಗಳ ನಡುವೆ ದಿಂಬು ಇಡುತ್ತಿದ್ದವನು ನಾನು. ಕೆಳಗೆ ಬಿದ್ದ ಕನ್ನಡಕವನ್ನೂ ಅವರು ಬಗ್ಗಿ ಎತ್ತಬಾರದು; ಎತ್ತಿ ಕೊಡುತ್ತಿದ್ದವನು ನಾನು.

ಎತ್ತಿ ಕೊಡುವಾಗೆಲ್ಲ ಹಲ್ಲು ಕಚ್ಚಿಕೊಂಡಿರುತ್ತಿದ್ದೆ.

ಅವರು ಇಷ್ಟವಿಲ್ಲದ್ದನ್ನು ಮುಚ್ಚಿಡುವವರಲ್ಲ. ನನ್ನದು ಮಾಣಿ ಕೂಡುರಸ್ತೆಯಲ್ಲಿ ಟಯರ್ ರಿಪೇರಿ ಅಂಗಡಿ. ಮೊದಲು ಬಾಡಿಗೆ ಸೈಕಲ್ಲಿನ ಅಂಗಡಿ. ನನ್ನ ನಿಶ್ಚಿತಾರ್ಥದ ದಿನ, ಚಾಪೆಯ ಮೇಲೆ ಹಿರಿಯರೆಲ್ಲ ಕೂತಿರುವಾಗ, ಇದೇ ಭಾವ "ಹುಡುಗನಿಗೆ ಕೆಲಸ ಏನು?" ಎಂದು ಕೇಳಿದ್ದರು. ಗೊತ್ತಿದ್ದೇ ಕೇಳಿದ್ದು. ನನ್ನ ದೊಡ್ಡಪ್ಪ ಸೈಕಲ್ ಅಂಗಡಿ ಎಂದಾಗ, "ಹಾಗಾದರೆ ನಮ್ಮ ಹುಡುಗಿಗೆ ಊಟಕ್ಕೆ ಇಲ್ಲದಿದ್ದರೂ ಗಾಳಿಗೆ ತೊಂದರೆ ಇಲ್ಲ" ಎಂದರು. ಚಪ್ಪರವೇ ನಕ್ಕಿತು. ಅಂದಿನಿಂದ ನಾನು ಅವರ ಮನೆಯಲ್ಲಿ ಗಾಳಿ ಭಾವ. ನಮ್ಮ ಮನೆಗೆ ಬಂದು ನನ್ನ ಹೆಂಡತಿ ಕೊಟ್ಟ ಗಂಜಿ ಕುಡಿಯುತ್ತ, ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು: "ನನ್ನ ಸೊಂಟಕ್ಕೆ ಹಾಕಿದ್ದು ಹೊಸ ಮಾಲು ಮಾರಾಯ, ಗಾಳಿ ಭಾವನ ಅಂಗಡಿಯ ಹಳೆ ಟಯರಿನ ರಿಟ್ರೆಡ್ ಅಲ್ಲ." ನನಗೆ ಕೇಳಿಸುವಷ್ಟು ಗಟ್ಟಿಯಾಗಿ. ವಾಕರ್ ನೆಲಕ್ಕೆ ತಾಗುವ ಸದ್ದು ಕೋಣೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಬರುತ್ತಿದ್ದರೆ ನಾನು ಹಿಂಬಾಗಿಲಿನಿಂದ ಬಾವಿಕಟ್ಟೆಯ ಕಡೆಗೆ ಹೋಗಿಬಿಡುತ್ತಿದ್ದೆ.

ಈ ಸಿಟ್ಟನ್ನು ಕಾರಣವಾಗಿ ಹೇಳುತ್ತಿಲ್ಲ. ಇತ್ತು ಎಂದಷ್ಟೇ.

ಆ ವಾರಗಳಲ್ಲೇ ನನ್ನ ಮಗಳು ಅಕ್ಷತಾಳ ನಿಶ್ಚಿತಾರ್ಥ. ಹುಡುಗ ಅಳದಂಗಡಿಯವನು. ಅವನ ಅಣ್ಣ ದುಬೈಯಿಂದ ಸಣ್ಣ ರಜೆಯಲ್ಲಿ ಬಂದಿದ್ದರಿಂದ ದಿನ ಮುಂದೆ ಹಾಕುವಂತಿರಲಿಲ್ಲ. ಆಪರೇಷನ್ ಆಗಿ ಇಪ್ಪತ್ತಮೂರನೆಯ ದಿನ, ಭಾನುವಾರ, ನಮ್ಮ ಅಂಗಳದಲ್ಲಿ. ನಮ್ಮ ಎರಡೂ ಮನೆಗಳ ಕ್ರಮದಲ್ಲಿ, ಹುಡುಗ ಹುಡುಗಿಯರ ಸೋದರಮಾವಂದಿರು ಚಾಪೆಯ ಮೇಲೆ ಎದುರುಬದುರು ಕೂತು ವೀಳ್ಯದ ಹರಿವಾಣ ಬದಲಾಯಿಸಬೇಕು. ತಂದೆ ಪಕ್ಕದಲ್ಲಿ ನಿಂತಿರುವುದು. ಮಗಳಿಗೂ ಸಂಜೀವ ಮಾವನೇ ಕೂರಬೇಕೆಂಬ ಆಸೆ. ಅವರು ಆ ದಿನಕ್ಕೆಂದೇ ಜಗಲಿಯಲ್ಲಿ ನಡೆದು ಅಭ್ಯಾಸ ಮಾಡುತ್ತಿದ್ದರು. ಕೂರುವುದು ಹೇಗೆ ಎಂಬುದೊಂದೇ ಉಳಿದಿದ್ದ ಪ್ರಶ್ನೆ.

ಗುರುವಾರ ಫೋನು ಮಾಡಿದವರು ಹುಡುಗನ ಸೋದರಮಾವ ರಘುರಾಮ. ಅವರ ಮಾತು ನನಗೆ ಪದಪದವಾಗಿ ನೆನಪಿದೆ. ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ನಿಮ್ಮ ಭಾವನಿಗೆ ಆಪರೇಷನ್ ಆದದ್ದು ಮೊನ್ನೆಯಷ್ಟೇ ಗೊತ್ತಾಯ್ತು. ಚಾಪೆ ಎಲ್ಲ ಬೇಡ ಮಾರಾಯ್ರೆ. ನಾನೂ ಕುರ್ಚಿಯಲ್ಲೇ ಕೂತುಕೊಳ್ತೇನೆ, ಅವರೂ ಕುರ್ಚಿಯಲ್ಲಿ. ಎತ್ತರದ್ದು ಎರಡು ಹಾಕಿಸುವ. ಚಪ್ಪರ ಹಾಕುವ ಖಾದರ್‌ಗೂ ಹೇಳಿದ್ದೇನೆ. ಭಾವನಿಗೆ ನೀವು ಹೇಳಿ, ಸಂಕೋಚ ಮಾಡುವುದು ಬೇಡ ಅಂತ."

ನಾನು "ಹೇಳ್ತೇನೆ" ಎಂದೆ.

ಬಾವಿಕಟ್ಟೆಯಿಂದ ಭಾವನ ಕೋಣೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಅಡುಗೆಮನೆ ದಾಟುವಾಗಲೂ ನಿಜವನ್ನೇ ಹೇಳುವವನಿದ್ದೆ ಎಂದು ನೆನಪು — ಅಥವಾ ಹಾಗೆ ನೆನಪಿಟ್ಟುಕೊಂಡಿದ್ದೇನೆ. ಅವರು ಕಿಟಕಿಯ ಹತ್ತಿರ ವಾಕರ್ ಹಿಡಿದು ನಿಂತಿದ್ದರು. ತಿರುಗದೆಯೇ ಕೇಳಿದರು: "ಯಾರ ಫೋನು? ಪಂಕ್ಚರಿನವರದ್ದಾ?"

ನಾನು ಹೇಳಿದೆ: "ಅಳದಂಗಡಿಯವರದ್ದು. ಕುರ್ಚಿ ಎಲ್ಲ ಆಗುವುದಿಲ್ಲವಂತೆ. ಚಾಪೆಯಲ್ಲೇ ಆಗಬೇಕಂತೆ. ಆಗದಿದ್ದರೆ ಬೇರೆ ಯಾರನ್ನಾದರೂ ಕೂರಿಸಿ ಅಂದರು."

ಅವರು ಆಗ ತಿರುಗಿದರು. ಪಾದ ಒಳಗೆ ಹೋಗದ ಹಾಗೆ, ಕಲಿಸಿದಂತೆ, ಸಣ್ಣ ಸಣ್ಣ ಹೆಜ್ಜೆಯಿಟ್ಟು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಇನ್ನೊಂದು ಮಾತು ಸೇರಿಸಿದೆ: "ನಿಮ್ಮಿಂದ ಆಗುವುದಿಲ್ಲ ಅಂತ ಹೇಳಿಬಿಡ್ತೇನೆ ಭಾವ. ಅದರಲ್ಲೇನು ನಾಚಿಕೆ?"

"ಯಾರಿಗೆ ಆಗುವುದಿಲ್ಲ?" ಎಂದರು. "ಕೂರ್ತೇನೆ ಅಂತ ಹೇಳು."

ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡದ್ದು — ಅವರು ಹಿಂದೆ ಸರಿಯಲಿ, ಒಮ್ಮೆಯಾದರೂ ಹಿಂದಿನ ಸಾಲಿನಲ್ಲಿ ಕೂತು ನೋಡಲಿ ಎಂದಷ್ಟೇ ಬಯಸಿದೆ, ಬೀಳಲಿ ಎಂದಲ್ಲ. ಇದು ನಿಜವಲ್ಲ. ಆ ಕೊನೆಯ ಮಾತು ಆಡುವಾಗ ಅವರು ಕೂತೇ ಕೂರುತ್ತಾರೆ ಎಂದು ನನಗೆ ಗೊತ್ತಿತ್ತು. ಕೂತರೆ ಏನಾಗುತ್ತದೆ ಎಂಬುದು ನನ್ನದೇ ಅಕ್ಷರದಲ್ಲಿ ಗೋಡೆಯ ಮೇಲೆ ಇತ್ತು.

ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ಖಾದರ್ ಚಪ್ಪರದ ಸಾಮಾನಿನ ಜೊತೆ ಎರಡು ಎತ್ತರದ ಕೈಕುರ್ಚಿ ಇಳಿಸಿದರು. ನಾನು ಅಂಗಳಕ್ಕೆ ಓಡಿ ಹೋಗಿ ಅವನ್ನು ವಾಪಸ್ಸು ಒಯ್ಯಲು ಹೇಳಿದೆ. ಭಾವನಿಗೆ ಚಾಪೆಯೇ ಬೇಕಂತೆ ಎಂದೆ.

"ಆಪರೇಷನ್ ಆದವರಲ್ವಾ?" ಎಂದರು ಖಾದರ್. "ನಮ್ಮ ಉಮ್ಮನಿಗೆ ಇದೇ ಆದದ್ದು. ನಮಾಜು ಕೂಡ ಕುರ್ಚಿಯಲ್ಲೇ ಮಾಡ್ತಾರೆ. ದೇವರೇ ಕುರ್ಚಿ ಆಗಬಹುದು ಅಂದ ಮೇಲೆ ನೆಂಟರಿಗೆ ಏನು ಕಷ್ಟ?"

"ಹಠದ ಮನುಷ್ಯ, ಏನು ಮಾಡುವುದು" ಎಂದೆ. ಖಾದರ್ ನನ್ನ ಮುಖ ನೋಡಿದರು. ಕುರ್ಚಿಗಳನ್ನು ಪುನಃ ಟೆಂಪೋಕ್ಕೆ ಹತ್ತಿಸಿದರು.

ಭಾನುವಾರ ರಘುರಾಮ ಬಂದವರು ಚಪ್ಪರದ ಬಾಗಿಲಲ್ಲೇ ಚಾಪೆ ನೋಡಿ ನಿಂತರು. ಅವರಿಗೂ ಅದೇ ಸುಳ್ಳು: ಭಾವನಿಗೆ ಕುರ್ಚಿ ಬೇಡವಂತೆ, ಈಗ ಗುಣ ಉಂಟು. ಅವರು ಪಾಪ, ಚಾಪೆಯ ಮೇಲೆ ಕೂತ ಮೇಲೂ ಭಾವನನ್ನು ಕೇಳಿದರು: "ನಿಮಗೆ ಕಷ್ಟ ಆಗುವುದಿಲ್ಲವಾ?"

ಕಾಳಜಿಯಿಂದ ಕೇಳಿದ್ದು ಅದು. ಆದರೆ ಇವರೇ ತನ್ನನ್ನು ನೆಲಕ್ಕೆ ಕೂರಿಸಿದವರು ಎಂದು ಭಾವ ತಿಳಿದಿದ್ದರು. "ಕಷ್ಟ ಯಾಕೆ? ನೋಡಲಿಕ್ಕೆಂದೇ ಬಂದವರು, ಸರಿಯಾಗಿ ನೋಡಿ" ಎಂದರು. ರಘುರಾಮರ ಮುಖ ಸಣ್ಣದಾಯಿತು. ಅವರ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

ನಾನು ಭಾವನ ಎಡಗಡೆ, ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಕೂರಿಸುವಾಗ ಇಬ್ಬರು ಹಿಡಿದಿದ್ದರು. ಸುಮತಿ "ಅಣ್ಣ, ಬೇಡ" ಎಂದು ಎರಡು ಸಲ ಹೇಳಿದಳು. ಬಲಗಾಲನ್ನು ಆದಷ್ಟು ಮುಂದೆ ಚಾಚಿ ಕೂತರು. ಅಲ್ಲಿಯವರೆಗೆ ಏನೂ ಆಗಲಿಲ್ಲ. ಹರಿವಾಣ ಕೊಡಲು ಮುಂದೆ ಬಾಗಿದರು. ಆಗ ಸದ್ದಾಯಿತು. ದೊಡ್ಡ ಸದ್ದಲ್ಲ. ರಿಮ್ಮಿನಿಂದ ಟಯರಿನ ಅಂಚು ಬಿಟ್ಟುಕೊಳ್ಳುವಾಗ ಬರುವಂಥ ಒಂದು ಮೊಂಡು ಸದ್ದು. ದಿನಕ್ಕೆ ಹತ್ತು ಸಲ ಕೇಳುವ ನನಗೆ ತಪ್ಪುವ ಹಾಗಿಲ್ಲ.

ಭಾವ ಕಿರುಚಲಿಲ್ಲ. ರಘುರಾಮ ಹರಿವಾಣ ಹಿಡಿಯುವವರೆಗೂ ಕೈ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಸುಮತಿ, ನನ್ನನ್ನು ಯಾರೂ ಮುಟ್ಟಬೇಡಿ ಅಂತ ಹೇಳು." ಮುಖ ಬೂದಿಯ ಬಣ್ಣವಾಗಿತ್ತು. ಬಲಪಾದ ಒಳಕ್ಕೆ ತಿರುಗಿತ್ತು, ಕಾಲು ಗಿಡ್ಡವಾದಂತೆ ಕಾಣುತ್ತಿತ್ತು.

ಮಂಗಳೂರಿಗೆ ಹೋಗುವ ಆಂಬುಲೆನ್ಸಿನಲ್ಲಿ ಅವರ ಪಕ್ಕದಲ್ಲಿ ನಾನೇ ಇದ್ದೆ. ಬಿ.ಸಿ. ರೋಡು ದಾಟಿದ ಮೇಲೆ ಅವರು ಕಣ್ಣು ತೆರೆದು, ನನ್ನನ್ನು ಹೆಸರು ಹಿಡಿದು ಕರೆದು, "ಅವರಿಗೆ ನೋಡಬೇಕಿತ್ತಲ್ಲ ಜಗ್ಗ. ನೋಡಿದರು" ಎಂದರು. ನಾನು "ಹೌದು" ಎಂದೆ.

ಕೀಲನ್ನು ಪುನಃ ಕೂರಿಸಿದರು. ಎರಡು ತಿಂಗಳಲ್ಲಿ ಮಂಚದಿಂದ ಏಳುವಾಗ ಮತ್ತೆ ತಪ್ಪಿತು. ಎರಡನೆಯ ಸಲ ಕೊಯ್ದರು. ಈಗ ಬಲಗಾಲು ಒಂದು ಬೆರಳಿನಷ್ಟು ಗಿಡ್ಡ. ಮದುವೆಗೆ ಅವರು ಬರಲಿಲ್ಲ. ಇಂದಿನವರೆಗೆ ಮಗಳ ಗಂಡನ ಮನೆಯ ಹೊಸ್ತಿಲು ತುಳಿದಿಲ್ಲ. ಅವಳ ಮಗುವನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾರೆ. ಅಳದಂಗಡಿಯಲ್ಲಿ ಭಾವನನ್ನು ದುರಹಂಕಾರಿ ಎನ್ನುತ್ತಾರೆ. ಮೂಡುಬಿದಿರೆಯಲ್ಲಿ ಭಾವ ಅಳದಂಗಡಿಯವರನ್ನು ಕಟುಕರು ಎನ್ನುತ್ತಾರೆ. ಭಾವ, ರಘುರಾಮ ಇಬ್ಬರೂ ಐದು ನಿಮಿಷ ಎದುರು ಕೂತು ಮಾತಾಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಕೂರಲು ಬಿಡಲಿಲ್ಲ. ಒಬ್ಬರು ಬರುವ ಕಡೆಗೆ ಇನ್ನೊಬ್ಬರು ಬರದಂತೆ ಆರು ವರ್ಷ ನಡುವೆ ಕಾವಲು ನಿಂತೆ. ಒಮ್ಮೆ ಅಕ್ಷತಾ ಕೇಳಿದಳು: "ಅಪ್ಪ, ನನ್ನ ಗಂಡನ ಮನೆಯವರು ಸಂಜೀವ ಮಾವನಿಗೆ ಏನು ಮಾಡಿದ್ದಾರೆ?" ನಾನು ಹೇಳಿದೆ: "ಅವರ ಸ್ವಭಾವವೇ ಹಾಗೆ ಮಗಾ."

ಹೋದ ತಿಂಗಳು ರಘುರಾಮ ತೀರಿಕೊಂಡರು. ಅಳದಂಗಡಿಯ ಆ ಅಂಗಳದಲ್ಲಿ, ಅವರ ಕಾಲ ಬುಡದಲ್ಲಿ ನಿಂತಾಗ ನನಗೆ ಆದದ್ದು ದುಃಖವಲ್ಲ. ಸಮಾಧಾನ. ಫೋನು ಮಾಡಿದ ಮನುಷ್ಯ ಇನ್ನು ಮಾತಾಡುವುದಿಲ್ಲ ಎಂಬ ಸಮಾಧಾನ. ಅದು ನನ್ನೊಳಗೆ ಬಂದದ್ದನ್ನು ನಾನೇ ನೋಡಿದೆ.

ಇಂದಿಗೂ ಭಾವನ ಮೇಲೆ ನನಗೆ ಪ್ರೀತಿ ಇಲ್ಲ. ಪ್ರೀತಿ ಬಂದ ಮೇಲೆ ಹೇಳುತ್ತೇನೆ ಎಂದು ಕಾದರೆ ಹೇಳುವುದೇ ಇಲ್ಲ. ಬರುವ ಭಾನುವಾರ ಈ ಹಾಳೆಗಳನ್ನು ಮೂಡುಬಿದಿರೆಗೆ ಒಯ್ದು ಅವರ ಎದುರು ಓದುತ್ತೇನೆ. ಅಲ್ಲಿಂದ ಅಳದಂಗಡಿಗೆ, ರಘುರಾಮರ ಹೆಂಡತಿಯ ಬಳಿಗೆ. ಅಚ್ಚಿಗೆ ಕೊಡುವುದು ಆಮೇಲೆ. ಕ್ಷಮೆ ಕೇಳುವುದಿಲ್ಲ; ಕ್ಷಮಿಸಬೇಕಾದ ಕಷ್ಟವನ್ನೂ ಅವರ ಮೇಲೆ ಹೊರಿಸುವುದು ಸರಿಯಲ್ಲ.

ನಾನು ಬರೆದದ್ದರಲ್ಲಿ ಯಾರಿಗಾದರೂ ಸಂಶಯ ಬಂದರೆ, ಶನಿವಾರ ಕುರ್ಚಿಗಳನ್ನು ಹಿಂದೆ ಕಳುಹಿಸಿದ್ದನ್ನು ನೋಡಿದವರು ಇಬ್ಬರಿದ್ದಾರೆ. ಒಬ್ಬರು ಖಾದರ್, ಚಪ್ಪರದ ಕೆಲಸ ಮಗನಿಗೆ ಬಿಟ್ಟು ಮಾಣಿಯಲ್ಲೇ ಇದ್ದಾರೆ. ಇನ್ನೊಬ್ಬಳು ಆಗ ಜಗಲಿಯ ಕಂಬದ ಪಕ್ಕ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ ಟೆಂಪೋ ಹೋಗುವವರೆಗೂ ನೋಡಿದಳು. ಅಂದೂ ಕೇಳಲಿಲ್ಲ, ಈ ಆರು ವರ್ಷದಲ್ಲೂ ಕೇಳಲಿಲ್ಲ. ಅವಳು ಸುಮತಿ.