ಅಕ್ಕನ ಕೈಗೆ ಸಿಗದ ಪಿಟೀಲು

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಹಜಾರದಲ್ಲಿ ವಿದ್ಯುತ್ ಮಗ್ಗ, ಹಿಂದಿನ ಕೋಣೆಯಲ್ಲಿ ಅಕ್ಕನ ಹಳೆಯ ಸಿಂಥಸೈಸರ್. ಮದುವೆಗೆ ಮುಂಚೆ ಅವಳು ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಬೆಂಗಳೂರಿನಲ್ಲಿ ಮುಚ್ಚಿಹೋದ ವಾದ್ಯತಂಡವೊಂದರಿಂದ ಅಪ್ಪ ಈ ಸಿಂಥಸೈಸರ್ ತಂದಿದ್ದರು. ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ. ಎಡಗಡೆಯ ಗುಂಡಿ ಒತ್ತಿದರೆ ಹತ್ತಾರು ಪಿಟೀಲು ಒಟ್ಟಿಗೆ ನುಡಿದಂತೆ ಕೇಳುತ್ತಿತ್ತು, ಬಲಗಡೆಯದು ಒತ್ತಿದರೆ ತುತ್ತೂರಿ. ಸ್ವಿಚ್ ಹಾಕಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಡದಿದ್ದರೆ ಶ್ರುತಿ ಜಾರುತ್ತಿತ್ತು. ಅಷ್ಟರಲ್ಲಿ ಅಕ್ಕ ಜಡೆ ಹೆಣೆದು ಮುಗಿಸುತ್ತಿದ್ದಳು. ಅವಳಿಗೆ ಪಿಟೀಲೇ ಇಷ್ಟ. ತುತ್ತೂರಿ ಬರೀ ಗಲಾಟೆ ಅನ್ನುತ್ತಿದ್ದಳು.

ಮದುವೆಯಾಗಿ ಅನುಗೊಂಡನಹಳ್ಳಿಗೆ ಹೋದ ಮೇಲೆ ಆರ್ಕೆಸ್ಟ್ರಾ ನಿಂತಿತು. ಬೇಡವೆಂದು ಯಾರೂ ಹೇಳಲಿಲ್ಲ. ಹಸು, ಹೊಲ, ಮಕ್ಕಳ ನಡುವೆ ತಾನಾಗಿಯೇ ಬಿಟ್ಟುಹೋಯಿತು. ತವರಿಗೆ ಬಂದಾಗ ಮಾತ್ರ ನುಡಿಸುತ್ತಿದ್ದಳು. ಆಮೇಲೆ ಕಿವಿ ಮಂದವಾಗುತ್ತಾ ಬಂತು. ಚಿಕ್ಕಂದಿನಿಂದ ಮಗ್ಗದ ಪಕ್ಕದಲ್ಲೇ ಕೂತು ನೂಲು ಸುತ್ತಿದವಳು. ಆ ಸದ್ದೇ ಕಾರಣವಿರಬಹುದು ಎಂದರು ಡಾಕ್ಟರು. ಹೋದ ವರ್ಷ ಕಿವಿ ಪೂರ್ತಿ ಹೋಯಿತು. ಈಗ ನಮ್ಮ ತುಟಿ ನೋಡಿ ಮಾತು ತಿಳಿಯುತ್ತಾಳೆ.

ಈ ಸಲ ಯುಗಾದಿಗೆ ಬಂದವಳು ಊಟವಾದ ಮೇಲೆ ಕೇಳಿದಳು, "ಅದು ಇನ್ನೂ ಇದ್ಯೇನೋ?"

ಮಗ್ಗ ನಿಲ್ಲಿಸಿ, ಹಿಂದಿನ ಕೋಣೆಗೆ ಹೋಗಿ ಸ್ವಿಚ್ ಹಾಕಿಕೊಟ್ಟೆ. ಅಕ್ಕ ಎಡಗೈಯನ್ನು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟು, ಬಲಗೈಯಲ್ಲಿ ಅಮ್ಮ ಹಾಡುತ್ತಿದ್ದ ದೇವರನಾಮ ನುಡಿಸಿದಳು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಆದರೆ ನಾಲ್ಕೈದು ಕೀಗಳು ಕೆಟ್ಟುಹೋಗಿದ್ದವು. ಸದ್ದೇ ಬಾರದ ಅವನ್ನೂ ಅವಳು ಅಷ್ಟೇ ಮೃದುವಾಗಿ ಒತ್ತುತ್ತಿದ್ದಳು. ಅಲ್ಲಲ್ಲಿ ಹಾಡು ಹಲ್ಲು ಬಿದ್ದ ಬಾಯಿಯಂತೆ ಕೇಳುತ್ತಿತ್ತು.

"ಯಾಕೆ ಮುಖ ಹಂಗ್ ಮಾಡ್ದೆ? ನಿಜ ಹೇಳು," ಅಂದಳು.

"ಕೆಲವು ಕೀ ಕೆಟ್ಟೋಗವೆ ಅಕ್ಕ."

"ಯಾವ್ಯಾವು? ತೋರ್ಸು."

ಒಂದೊಂದಾಗಿ ಒತ್ತಿ, ಸದ್ದು ಬಾರದವಕ್ಕೆ ಕುಂಕುಮದ ಬೊಟ್ಟಿಟ್ಟೆ. ಅವಳು ಅವನ್ನು ತಪ್ಪಿಸಿ ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ನುಡಿಸಿ ನೋಡಿದಳು. ಈಗ ಹಾಡು ಪೂರ್ತಿಯಾಗಿ ಬಂತು. ನಾನು ತಲೆಯಾಡಿಸಿದೆ. ಅವಳು ನಗಲಿಲ್ಲ. ಬಲಗಡೆಯ ಗುಂಡಿ ಒತ್ತಿ ತುತ್ತೂರಿಯ ನಾದದಲ್ಲಿ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದಳು. ಅವಳ ಎಡಗೈ ಕೆಳಗೆ ಪೆಟ್ಟಿಗೆ ಗುಂಯ್ ಎಂದು ಅದುರಿತು.

"ಇದು ಕೈಗೆ ಸಿಗ್ತದೆ ಕಣೋ. ಪಿಟೀಲು ಸಿಗಲ್ಲ."

ಮತ್ತೆ ಪಿಟೀಲಿಗೆ ಬದಲಾಯಿಸಿ ಪೆಟ್ಟಿಗೆಗೆ ಕೆನ್ನೆಯೊತ್ತಿ ನುಡಿಸಿದಳು. ಏನೂ ತಿಳಿಯಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಮೊದಮೊದಲು ತಲೆ ಒಳಗೆ ಕೇಳ್ತಿತ್ತು. ಈಗ ಅದೂ ಮರ್ತೋಗ್ತಾ ಅದೆ. ಹೆಂಗಿತ್ತು ಅಂತ ಹೇಳೋ."

ಹೇಳಲು ಬಾಯಿ ತೆರೆದೆ. ಗಾಳಿಯಂತೆ ಅನ್ನಲೇ, ತುಂಬಿದ ಕೆರೆಯಂತೆ ಅನ್ನಲೇ ಎಂದು ಮಾತು ಹುಡುಕಿದೆ. ಅಕ್ಕ ಕೀಯ ಮೇಲಿಂದ ಬೆರಳು ತೆಗೆಯದೆ ನನ್ನ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದಳು. ಕೋಣೆಯ ತುಂಬ ಪಿಟೀಲಿನ ನಾದವಿತ್ತು.