ಗ್ರೇಡಿನ ಗದ್ದೆಗೆ ಮುಯ್ಯಾಳು

ನಿಮ್ಮ ಹತ್ತಿರ ಮುಚ್ಚಿಡುವುದೇನು, ಅರ್ಥಶಾಸ್ತ್ರದ ಮೇಷ್ಟ್ರಾದ ನನಗೆ ಫಲಿತಾಂಶದ ವಾರ ಬಂತೆಂದರೆ ಮಕ್ಕಳಿಗಿಂತ ಹೆಚ್ಚು ದಿಗಿಲು. ಮಡಿಕೇರಿಯ ನಮ್ಮ ಕಾಲೇಜಿನಲ್ಲಿ ಈಗ ಹೋಲಿಕೆಯ ಗ್ರೇಡು. ತರಗತಿಯಲ್ಲಿ ಇಪ್ಪತ್ತು ಜನ. ಎಲ್ಲರೂ ಎಷ್ಟೇ ಚೆನ್ನಾಗಿ ಬರೆದರೂ ಮೊದಲ ನಾಲ್ವರಿಗಷ್ಟೇ ಎ. ಬೋರ್ಡಿನ ಮೇಲೆ ಗಂಟೆಯಾಕಾರದ ಗೆರೆ ಎಳೆದು, ಇದು ಪ್ರಕೃತಿನಿಯಮ ಅನ್ನುತ್ತೇವೆ: ಎತ್ತರದವರು ಕೆಲವರು, ಕುಳ್ಳರು ಕೆಲವರು, ಉಳಿದವರು ನಡುವೆ. ಆದರೆ ಎತ್ತರವನ್ನು ಯಾರೂ ಹೇಳಿಕೊಟ್ಟು ಬೆಳೆಸುವುದಿಲ್ಲವಲ್ಲ!

ಇಷ್ಟೆಲ್ಲ ಗೊತ್ತಿದ್ದೂ ನಾನೊಂದು ಘನಂದಾರಿ ಕೆಲಸ ಮಾಡಿದೆ. ನಾನು ಶಿರಂಗಾಲದ ರೈತರ ಮನೆಯವನು. ನಾಟಿಯ ಹೊತ್ತಿಗೆ ನೆರೆಯವರ ಗದ್ದೆಗೆ ನಾವು ಹೋಗಿ, ನಮ್ಮ ಗದ್ದೆಗೆ ಅವರು ಬಂದು ದುಡಿಯುವ ಮುಯ್ಯಾಳು ನೋಡಿ ಬೆಳೆದವನು. ಪರೀಕ್ಷೆಗೆ ಒಂದು ತಿಂಗಳಿರುವಾಗ, "ಓದಿಗೂ ಮುಯ್ಯಾಳು ಮಾಡ್ರಪ್ಪ, ಗೊತ್ತಿದ್ದವ್ರು ಗೊತ್ತಿಲ್ದವ್ರಿಗೆ ಹೇಳ್ಕೊಡಿ" ಎಂದುಬಿಟ್ಟೆ. ಪಕ್ಕದವನ ಪೈರು ಚೆನ್ನಾಗಿ ಬಂದರೆ ನಮ್ಮ ಪೈರು ಕುಗ್ಗುವುದಿಲ್ಲ, ಗ್ರೇಡಿನಲ್ಲಿ ಕುಗ್ಗುತ್ತದೆ. ಪೈಪೋಟಿಯ ಪಾಠ ಮಾಡುವ ಮಹಾಶಯನಿಗೆ ಅದು ಹೊಳೆಯಲೇ ಇಲ್ಲ.

ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವಳು ನಾಪೋಕ್ಲಿನ ಸೌಮ್ಯ. ದಿನಾ ಸಂಜೆ ಊರಿನ ಬಸ್ಸು ಬರುವವರೆಗೆ ಕೂತು ಎಲ್ಲರಿಗೂ ಹೇಳಿಕೊಟ್ಟಳು. ಬೇಡಿಕೆಯ ರೇಖೆ ಕಂಡರೆ ಬೆವರುತ್ತಿದ್ದ ಜುನೈದ್‌ಗಂತೂ ಒಂದೇ ಪಾಠ ನಾಲ್ಕು ಸಲ. ಎಂ.ಎ. ಸೀಟಿಗೆ ಅವಳಿಗೆ ಎ ಬೇಕೇ ಬೇಕಿತ್ತು.

ಪರೀಕ್ಷೆ ಮುಗಿದು ಅಂಕ ಕೂಡಿದೆ. ಜುನೈದ್ ನಾಲ್ಕನೆಯವನು. ಅವನಿಗಿಂತ ಒಂದೇ ಅಂಕ ಕಡಿಮೆಯಾಗಿ ಸೌಮ್ಯ ಐದನೆಯವಳು. ಮೂರು ಸಲ ಕೂಡಿದೆ. ಎಲ್ಲಾದರೂ ಒಂದು ಅಂಕ ಕೊಡಲು ಮರೆತಿರಬಾರದೇ ಎಂದು ಅವಳ ಉತ್ತರಪತ್ರಿಕೆಯನ್ನು ತಿರುವಿ ತಿರುವಿ ನೋಡಿದೆ. ದೇವರಾಣೆ, ಸಿಗಲಿಲ್ಲ.

ಅವಳನ್ನು ಕರೆದು ಎಲ್ಲ ಹೇಳಿದೆ. "ತಪ್ಪು ನಂದಮ್ಮ" ಅಂದೆ. ಅವಳ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು, "ಸರ್, ಜುನೈದ್‌ಗೆ ಇದನ್ನ ಹೇಳ್ಬೇಡಿ. ಪಾಪ, ಇನ್ನು ಯಾರತ್ರನೂ ಏನೂ ಕೇಳೋಕೆ ಹೋಗಲ್ಲ ಅವ್ನು" ಅಂದಳು.

ಅವಳು ಹೋದ ಮೇಲೆ ಎ ಕಡ್ಡಾಯವಲ್ಲದ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಅವಳ ಪರವಾಗಿ ಶಿಫಾರಸು ಪತ್ರ ಬರೆಯಲು ಕೂತೆ. ಸೀಟು ಸಿಗುತ್ತದೋ ಇಲ್ಲವೋ, ಆ ಚಿಂತೆ ಈಗಲೂ ನನ್ನನ್ನು ಬಿಟ್ಟಿಲ್ಲ. 'ತರಗತಿಯಲ್ಲಿ ಐದನೆಯವಳು' ಎಂದು ಬರೆದು ಹೊಡೆದುಹಾಕಿದೆ. 'ಹತ್ತೊಂಬತ್ತು ಜನರಿಗೆ ಪಾಠ ಹೇಳಿದವಳು' ಎಂದು ಬರೆದೆ. ಮತ್ತೆ ಯೋಚಿಸಿ, ನನ್ನನ್ನೂ ಸೇರಿಸಿ, ಇಪ್ಪತ್ತು ಎಂದು ತಿದ್ದಿದೆ.